ಬಟ್ಟೆಯ ಕೆಳಗಿನ ತೂಕ

ನಾನು ಕೂಸುಗಳನ್ನು ತೂಗುವ ಒಂದು ತಕ್ಕಡಿ. ಅಂಗಡಿಯ ತಕ್ಕಡಿಗಿರುವ ಹಾಗೆ ನನಗೆ ಎರಡು ತಟ್ಟೆಗಳಿಲ್ಲ. ಇರುವುದು ಒಂದೇ, ಅದೂ ಮೊರದ ಹಾಗೆ ಒಳಕ್ಕೆ ಬಾಗಿದೆ, ಕೂಸು ಹೊರಳಿ ಬೀಳದಿರಲೆಂದು. ತಟ್ಟೆಯ ಮುಂದೆ ಗೆರೆ ಕೊರೆದ ಉಕ್ಕಿನ ಕೋಲು, ಕೋಲಿನ ಮೇಲೆ ಆಚೀಚೆ ಜಾರುವ ಒಂದು ಗುಂಡು. ಕೂಸನ್ನು ಮಲಗಿಸಿದೊಡನೆ ಕೋಲು ಟಕ್ ಎಂದು ಮೇಲೇಳುತ್ತದೆ. ಗುಂಡನ್ನು ಸರಿಸುತ್ತ ಹೋದರೆ ಒಂದು ಕಡೆ ಅದು ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಅಲ್ಲಿರುವ ಗೆರೆಯೇ ಕೂಸಿನ ತೂಕ. ನನಗೆ ಬರುವುದು ಇಷ್ಟೇ ವಿದ್ಯೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಯಾರು ನನ್ನ ಕಾಲುಗಳನ್ನು ಬೆಸೆದರು, ಯಾರು ಬಿಳಿ ಬಣ್ಣ ಬಳಿದರು, ನೆನಪಿಲ್ಲ. ಕಡೆಗೆ ನನ್ನನ್ನು ಪರೀಕ್ಷೆ ಮಾಡಿದ ಖತೀಜಾಬಿ ಮಾತ್ರ ಚೆನ್ನಾಗಿ ನೆನಪಿದ್ದಾಳೆ. ತೂಕದ ಕಲ್ಲು ಇಡುವ ಮೊದಲು ಅವಳು ಬರಿದಾದ ತಟ್ಟೆಯನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನಕ್ಕಳು.

"ಖಾಲಿ ತಟ್ಟೇಲಿ ಏನಿದೆ ಅಂತ ನೋಡ್ತೀಯ ಖಾಲಾ?"

"ಏನೂ ಇಲ್ಲ ಅಂತ ನೋಡ್ತೀನಮ್ಮ. ಖಾಲಿ ಇದ್ದಾಗ ಸೊನ್ನೆ ತೋರಿಸ್ದೇ ಇರೋದು, ತುಂಬಿದಾಗ ನಿಜ ಹೇಳುತ್ತಾ?"

ಅವಳು ನನ್ನ ಬೆನ್ನಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕೋಲು ಸೊನ್ನೆಯಲ್ಲಿ ಅಲುಗದೆ ನಿಂತಿತು. ಆ ಮಾತನ್ನು ನಾನು ಆಗ ಕೇಳಿ ಬಿಟ್ಟುಬಿಟ್ಟೆ. ಅದರ ಅರ್ಥ ತಿಳಿಯಲು ಒಂದು ಕೂಸು ಬೇಕಾಯಿತು.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕುಳಿತು ನಾನು ಬಂದದ್ದು ಚಾಮರಾಜನಗರದ ಕಡೆಯ ಕಲ್ಲಿಪಾಳ್ಯಕ್ಕೆ. ಅಲ್ಲಿ ಸರ್ಕಾರದ ಆರೋಗ್ಯ ಕೇಂದ್ರ ಆಗಷ್ಟೇ ತೆರೆದಿತ್ತು. ಗೋಡೆಯ ಸುಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ನನ್ನನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟರು. ಕಿಟಕಿಯ ಆಚೆ ಒಂದು ಬೇವಿನ ಮರ. ಎದುರು ಗೋಡೆಯಲ್ಲಿ ನೀಲಿ ಅಕ್ಷರದಲ್ಲಿ 'ಇಲ್ಲಿ ಎಲ್ಲ ಸೇವೆಗಳೂ ಉಚಿತ' ಎಂದು ಬರೆದಿತ್ತು. ಮೂವತ್ತು ವರ್ಷ ಆ ಗೋಡೆಯನ್ನು ನೋಡಿದ್ದೇನೆ.

ನನ್ನ ಮೊದಲ ಒಡತಿ ಸೆಲಿನ್ ಸಿಸ್ಟರ್. ಮಂಗಳೂರಿನ ಕಡೆಯವರು. ಮದುವೆಯಾಗಿರಲಿಲ್ಲ. ಕಬ್ಬಿಣ ಕೂಸುಗಳ ಬೆನ್ನಿಗೆ ತಣ್ಣಗೆ ತಗಲುತ್ತದೆಂದು ತಮ್ಮದೇ ಹಳೆಯ ಸೀರೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ನನ್ನ ತಟ್ಟೆಗೆ ಹಾಸಿದರು. ಗುರುವಾರ ಚುಚ್ಚುಮದ್ದಿನ ದಿನ. ಸುತ್ತಲಿನ ಹನ್ನೊಂದು ಊರುಗಳಿಂದ, ಕರಿಕಲ್ಲಿನ ಕ್ವಾರಿಯ ಗುಡಿಸಲುಗಳಿಂದ ತಾಯಂದಿರು ಬರುತ್ತಿದ್ದರು. ಒಂದು ಕೂಸು ಇಳಿದ ಮೇಲೆ ಇನ್ನೊಂದು ಕೂಸು ಏರುವ ಮುಂಚೆ ಸಿಸ್ಟರ್ ಗುಂಡನ್ನು ಸೊನ್ನೆಗೆ ತಂದು, ಕೋಲು ಸಮವಾಗಿ ನಿಂತದ್ದನ್ನು ನೋಡಿಯೇ ಕೈ ಚಾಚುತ್ತಿದ್ದರು. ಹಾಲು ಒಲೆಯ ಮೇಲಿಟ್ಟವಳು ಮಾತಾಡುತ್ತಲೇ ಹಾಲಿನ ಮೇಲೊಂದು ಕಣ್ಣಿಟ್ಟಿರುತ್ತಾಳಲ್ಲ, ಹಾಗೆ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಕೂಸನ್ನು ತೂಗಿದ ತಟ್ಟೆಯನ್ನು ಬರಿದಾಗಿ ಬಿಡಬಾರದು, ಬಿಟ್ಟರೆ ದೃಷ್ಟಿಯಾಗುತ್ತದೆ. ಆದ್ದರಿಂದ ಕೂಸನ್ನು ಎತ್ತಿಕೊಂಡ ತಾಯಿ ಅದರ ತಲೆಯಿದ್ದ ಕಡೆ, ಬಟ್ಟೆಯ ಕೆಳಗೆ, ಯಾರ ಕಣ್ಣಿಗೂ ಕಾಣದಂತೆ ಒಂದು ಕಾಸು ಸರಿಸುತ್ತಿದ್ದಳು. ನಾಲ್ಕಾಣೆಯೋ ಎಂಟಾಣೆಯೋ. ಮೊದಲ ಸಲ ಅದನ್ನು ಕಂಡಾಗ ಸೆಲಿನ್ ಸಿಸ್ಟರ್ ಹುಬ್ಬೇರಿಸಿದರು.

"ಎಂತ ಇದು ಮಾರಾಯ್ತಿ? ನಂಗೆ ಸರ್ಕಾರ ಸಂಬಳ ಕೊಡ್ತದೆ."

"ನಿಮ್ಗಲ್ಲ ಕನವ್ವಾ, ತಟ್ಟೆಗೆ. ತಟ್ಟೆ ಬರಿದು ಬುಡಬಾರ್ದು."

ಸಿಸ್ಟರ್ ಬಯ್ಯಲಿಲ್ಲ. ಕಾಸನ್ನು ತೆಗೆದು, ಕೂಸಿನ ಹಣೆಗೆ ಮುಟ್ಟಿಸಿ, ತಾಯಿಯ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. "ಬಾಳೆಹಣ್ಣು ತಕೊಂಡು ನೀನು ತಿನ್ನು. ಹಾಲು ಬರ್ತದೆ." ಆಮೇಲೆ ಕಿಟಕಿಯಿಂದ ಕೈ ಹಾಕಿ ಒಂದು ಬೇವಿನೆಲೆ ಕಿತ್ತು ತಟ್ಟೆಯ ಮೂಲೆಯಲ್ಲಿಟ್ಟರು. "ಈಗ ಬರಿದಿಲ್ಲ ಅಲ್ವ?" ಬೇವಿನೆಲೆಗೆ ಎಷ್ಟು ತೂಕ! ತಾಯಂದಿರಿಗೂ ಸಮಾಧಾನ, ನನಗೂ ಸಮಾಧಾನ.

ಆಗಿನ ಗುರುವಾರಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಎಷ್ಟೋ ಕೂಸುಗಳು ನನ್ನ ಬಟ್ಟೆಯನ್ನು ಒದ್ದೆ ಮಾಡಿ ನಗುತ್ತಿದ್ದವು. ಒಂದು ಕೂಸು ಗುಂಡನ್ನೇ ಹಿಡಿದುಕೊಂಡು ಬಿಡಲೊಲ್ಲದೆ ಹೋಗಿ, ಅದರ ತೂಕ ಬರೆಯಲು ಅರ್ಧ ಗಂಟೆ ಹಿಡಿದಿತ್ತು.

ಒಂದು ವರ್ಷ ಸರ್ಕಾರದಿಂದ ಮೂರು ತಿಂಗಳು ಹತ್ತಿ ಬರಲಿಲ್ಲ, ಸ್ಪಿರಿಟ್ ಬರಲಿಲ್ಲ. ಸಿಸ್ಟರ್ ತಮ್ಮ ಸಂಬಳದಲ್ಲಿ ತಂದರು. ಆಸ್ಪತ್ರೆಯ ಅಟೆಂಡರ್ ಚಿಕ್ಕಬಸವಯ್ಯನಿಗೆ ಅದನ್ನು ನೋಡಲಾಗಲಿಲ್ಲ. "ತಾಯಂದ್ರು ಖುಷಿಯಾಗಿ ಮಡಗೋದ್ನ ಯಾಕ್ ಬ್ಯಾಡ ಅಂತೀರಿ ಸಿಸ್ಟರೇ? ಅದ್ರಲ್ಲೇ ಹತ್ತಿ ತರಾನ" ಎಂದ. ಸಿಸ್ಟರ್ ಎರಡು ದಿನ ಯೋಚಿಸಿದರು.

"ಕೊಟ್ಟವರದ್ದು ತಕೊಳ್ಳುವ. ಕೇಳ್ಲಿಕ್ಕೆ ಇಲ್ಲ, ಗೊತ್ತಾಯ್ತಾ?"

ಮೇಜಿನ ಮೇಲೊಂದು ಹಾಲಿನ ಪುಡಿಯ ಡಬ್ಬ ಬಂತು. ಕಾಸು ಅದಕ್ಕೆ ಬಿದ್ದಿತು, ಹತ್ತಿ ಬಂತು. ನಾಲ್ಕನೆಯ ತಿಂಗಳು ಸರ್ಕಾರದ ಹತ್ತಿಯೂ ಬಂತು. ಡಬ್ಬ ಮಾತ್ರ ಹೋಗಲಿಲ್ಲ. ಯಾರೂ ಅದನ್ನು ಎತ್ತಿಡಬೇಕೆಂದುಕೊಳ್ಳಲಿಲ್ಲ. ಒಳ್ಳೆಯ ಕೆಲಸಕ್ಕೆಂದು ಬಂದದ್ದನ್ನು ಹೊರಗೆ ಹಾಕುವುದು ಹೇಗೆ?

ಸೆಲಿನ್ ಸಿಸ್ಟರ್ ನಿವೃತ್ತಿಯಾದ ದಿನ ನನ್ನ ಬಟ್ಟೆಯನ್ನು ಒಗೆದು ಹಾಸಿ, ಗುಂಡನ್ನು ಸೊನ್ನೆಗೆ ತಂದು ನಿಂತರು. "ಬಸವಯ್ಯ, ಸೊನ್ನೆ ನೋಡ್ಕೊಳ್ಳಿ" ಎಂದರು. ಅವನು ಕಣ್ಣೊರೆಸಿಕೊಂಡು ಹೂಂ ಎಂದ. ಅವನು ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಮನೆಯ ಹಿರಿಯಳು ಹೋಗುವಾಗ ಹೇಳಿದ ಮಾತಿಗೆ ಎಲ್ಲರೂ ಹಾಗೆ ಹೂಂ ಎನ್ನುತ್ತಾರೆ.

ಅವರ ನಂತರ ಎರಡು ವರ್ಷ ಕಾಯಂ ಸಿಸ್ಟರ್ ಬರಲೇ ಇಲ್ಲ. ಯಾರು ಯಾರೋ ವಾರಕ್ಕೊಮ್ಮೆ ಬಂದು ಹೋದರು. ಆ ಎರಡು ವರ್ಷದಲ್ಲಿ ಇಟ್ಟ ಕಾಸು ಕೇಳಿದ ಕಾಸಾಯಿತು. "ತಕ್ಕಡಿಯಮ್ಮನ ಹುಂಡಿಗೆ ಹಾಕ್ರವ್ವಾ, ಕೂಸು ದಪ್ಪ ಆಗ್ಲಿ" ಎಂದು ಚಿಕ್ಕಬಸವಯ್ಯ ತಮಾಷೆ ಮಾಡುತ್ತಿದ್ದ. ಹೆಂಗಸರು ನಗುತ್ತ ಹಾಕುತ್ತಿದ್ದರು. ಆಮೇಲೆ ತಮಾಷೆ ನಿಂತಿತು, ಹಾಕುವುದು ನಿಲ್ಲಲಿಲ್ಲ. ದಪ್ಪನೆಯ ಐದು ರೂಪಾಯಿ ನಾಣ್ಯ ಬಂದ ಮೇಲೆ ಅದೇ ದರವಾಯಿತು. ತೂಕಕ್ಕೆ ಐದು, ಸೂಜಿಗೆ ಹತ್ತು. ಒಳಗಿನ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಬರುವ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರೆ ಇಪ್ಪತ್ತು. ಕಾಗದ ಹಾರದಿರಲೆಂದು ಅವರ ಮೇಜಿನ ಮೇಲಿಟ್ಟ ಗಾಜಿನ ಗುಂಡಿನ ಕೆಳಗೆ ಅದನ್ನು ಇಡಬೇಕು. ನೀಲಿ ಅಕ್ಷರಗಳ ಕೆಳಗೇ ಸಾಲು ನಿಲ್ಲುತ್ತಿತ್ತು. ಮೇಲಿನವರು ತಪಾಸಣೆಗೆ ಬಂದರೆ ಡಬ್ಬ ಕಣ್ಣಿಗೆ ಬೀಳುತ್ತದೆಂದು ಚಿಕ್ಕಬಸವಯ್ಯ ಅದನ್ನು ಎತ್ತಿಬಿಟ್ಟ. ಕಾಸು ಮತ್ತೆ ಹಳೆಯ ಜಾಗಕ್ಕೆ, ನನ್ನ ಬಟ್ಟೆಯ ಕೆಳಕ್ಕೆ ಬಂತು. ಕೂಸು ಮಲಗುವ ಬಟ್ಟೆಯನ್ನು ಯಾವ ಅಧಿಕಾರಿ ಎತ್ತಿ ನೋಡುತ್ತಾನೆ?

ಕಾಸಿಲ್ಲದ ತಾಯಂದಿರನ್ನು ಯಾರೂ ಹೊರಗೆ ದಬ್ಬಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಸಾಲಿನಲ್ಲಿದ್ದವರ ಮಾತೇ ಸಾಕಾಗಿತ್ತು. "ಕೂಸಿನ ದೃಷ್ಟಿಗೆ ಐದ್ರುಪಾಯಿ ಮಡಗದೋಳು ಎಂಥ ಅವ್ವ ಕನಕ್ಕ ಇವ್ಳು!" ಎಂದು ಒಬ್ಬಳು ಅಂದರೆ ಮುಗಿಯಿತು. ಅಂಥವರು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು, ಕೂಸಿನ ತಲೆಗೆ ಸೆರಗು ಹೊದಿಸಿ ಹಿಂದಿರುಗುತ್ತಿದ್ದರು. ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು.

ಕೊನೆಗೆ ವನಮಾಲಾ ಸಿಸ್ಟರ್ ಬಂದರು. ಗುತ್ತಿಗೆಯ ಮೇಲೆ ಬಂದವರು, ಚಿಕ್ಕ ವಯಸ್ಸು. ಐದು ತಿಂಗಳಾದರೂ ಅವರ ಸಂಬಳ ಬಂದಿರಲಿಲ್ಲ. ಸಾಯಂಕಾಲ ಚಿಕ್ಕಬಸವಯ್ಯ ನನ್ನ ಬಟ್ಟೆ ಎತ್ತಿ ಅರ್ಧವನ್ನು ಅವರ ಮುಂದೆ ಇಟ್ಟಾಗ, ಮೊದಲ ಸಲ ಅವರು ಮುಖ ತಿರುಗಿಸಿ ಕುಳಿತರು. ಎರಡನೆಯ ಸಲ ತೆಗೆದುಕೊಂಡರು. ಅವರ ಕೈ ಒಳ್ಳೆಯದು. ಸೂಜಿ ಚುಚ್ಚಿದ ಜಾಗವನ್ನು ಉಜ್ಜುತ್ತ ಕೂಸಿನ ಜೊತೆ ಮಾತಾಡುವರು. ಆದರೆ ನಲವತ್ತು ಕೂಸುಗಳ ನಡುವೆ ಸೊನ್ನೆ ನೋಡುವಷ್ಟು ಬಿಡುವು ಅವರಿಗೆ ಇರಲಿಲ್ಲ. ಅದನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟೂ ಇರಲಿಲ್ಲ.

ಚೆನ್ನಾಜಮ್ಮ ಮೊದಲ ಸಲ ಬಂದದ್ದು ಆ ವರ್ಷದ ಮಾಗಿಯಲ್ಲಿ. ಕ್ವಾರಿಯ ಗುಡಿಸಲಿನವಳು, ಇಪ್ಪತ್ತೂ ತುಂಬಿರಲಿಲ್ಲ. ಒಂದೂವರೆ ತಿಂಗಳ ಹೆಣ್ಣು ಕೂಸು. ಇನ್ನೂ ಹೆಸರಿಟ್ಟಿರಲಿಲ್ಲ, ಪುಟ್ಟಿ ಎನ್ನುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಕೋಲು ಮೂರು ಕಿಲೋ ಏಳು ನೂರರಲ್ಲಿ ನಿಂತಿತು. ಅದು ನಿಜವಾದ ತೂಕ. ನನ್ನ ಬಟ್ಟೆಯ ಕೆಳಗೆ ಆಗ ಏನೂ ಇರಲಿಲ್ಲ. ವನಮಾಲಾ ಕಾರ್ಡಿನಲ್ಲಿ ಬರೆದರು. ಚೆನ್ನಾಜಮ್ಮ ಸೆರಗಿನ ಗಂಟು ಬಿಚ್ಚಿ ನಾಣ್ಯ ಇಟ್ಟು, ನನ್ನ ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮುಂದಿನ ತಿಂಗಳ ಚುಚ್ಚುಮದ್ದಿಗೆ ಅವಳು ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಸಾಲು ಆಗಲೇ ಕರಗಿತ್ತು. "ಏನವ್ವಾ, ಈಗ ಬೆಳಗಾಯ್ತಾ ನಿಂಗೆ?" ಎಂದು ಚಿಕ್ಕಬಸವಯ್ಯ ಕೇಳಿದ.

"ಬೆಳಿಗ್ಗೆಯೇ ಹೊಂಟಿದ್ದೆ ಕನಣ್ಣ. ಕೈಲಿ ಕಾಸಿರ್ನಿಲ್ಲ. ಒಂದೀಟು ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ಅಂಗಡಿಗೆ ಹಾಕ್ಬುಟ್ಟು ಬಂದೆ."

ಅವಳ ಕೈಬೆರಳುಗಳು ಹುಣಸೆಯಿಂದ ಕಪ್ಪಾಗಿದ್ದವು. ಕೂಸನ್ನು ನನ್ನ ಮೇಲೆ ಮಲಗಿಸಿದಳು. ಅದು ಅಳಲಿಲ್ಲ. ಬಟ್ಟೆಯ ಮೇಲೆ ಅದರ ಬೆನ್ನು ತಗುಲಿದಾಗಲೇ ನನಗೆ ತಿಳಿಯಿತು. ಹೋದ ತಿಂಗಳಿಗಿಂತ ಹಗುರ, ಒಂದು ಹಿಡಿ ರಾಗಿಯಷ್ಟು ಹಗುರ. ಆದರೆ ಅದರ ಕೆಳಗೆ, ಬಟ್ಟೆಯ ಕೆಳಗೆ, ಬೆಳಗಿನಿಂದ ಬಿದ್ದ ಮೂವತ್ತಮೂರು ನಾಣ್ಯಗಳಿದ್ದವು. ಮುನ್ನೂರು ಗ್ರಾಂ. ಕೋಲಿಗೆ ಮಾಂಸ ಯಾವುದು, ನಾಣ್ಯ ಯಾವುದು ಗೊತ್ತಿಲ್ಲ. ಅದು ಎರಡನ್ನೂ ಕೂಡಿ ಎತ್ತಿತು.

"ಮೂರು ಕಿಲೋ ಒಂಬೈನೂರ ಐವತ್ತು" ಎಂದರು ವನಮಾಲಾ. "ಕಾಲು ಕಿಲೋ ಜಾಸ್ತಿಯಾಗಿದೆ. ಪರವಾಗಿಲ್ಲ."

ಚೆನ್ನಾಜಮ್ಮ ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಹೊರಡಲಿಲ್ಲ. ತೋಳಿನಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿದಳು. "ಸಿಸ್ಟರಮ್ಮ, ಎತ್ಗಂಡ್ರೆ ಹಗುರ ಅನ್ನಿಸ್ತದೆ. ಹಾಲೂ ಸರ್ಯಾಗಿ ಚೀಪಾಕಿಲ್ಲ. ಇನ್ನೊಂದ್ಸಲ ನೋಡೀರಾ?"

ವನಮಾಲಾ ಬೇಸರಿಸಲಿಲ್ಲ. ಮತ್ತೊಮ್ಮೆ ಮಲಗಿಸಿದರು. ಅದೇ ಗೆರೆ.

"ನೋಡು, ಅಷ್ಟೇ ಇದೆ. ನಿನ್ನ ಮನಸ್ಸಿಗೆ ಹಾಗನ್ಸುತ್ತೆ ಅಷ್ಟೆ."

"ಮೊದ್ಲ ಕೂಸು ಅಲ್ವ ಸಿಸ್ಟರೇ, ಭಯ" ಎಂದು ಚಿಕ್ಕಬಸವಯ್ಯ ನಕ್ಕ. "ಕಬ್ಬಿಣದ ತಕ್ಕಡಿ ಕನವ್ವಾ ಅದು. ನಿನ್ ತೋಳಿಗಿಂತ ಅದು ಸುಳ್ಳಾಡ್ತದಾ?"

ಆ ಮಾತಿಗೆ ಚೆನ್ನಾಜಮ್ಮ ನಾಚಿಕೊಂಡಳು. ತನ್ನ ತೋಳಿನ ಮಾತನ್ನು ಬಿಟ್ಟು ನನ್ನ ಮಾತನ್ನು ನಂಬಿದಳು. ನಾನು ಕೂಗಿ ಹೇಳಬೇಕಾಗಿತ್ತು, 'ಅವ್ವಾ, ಬಟ್ಟೆ ಎತ್ತಿ ನೋಡು' ಎಂದು. ನನಗೆ ಬಾಯಿಲ್ಲ. ಅವಳು ಹುಣಸೆ ಮಾರಿ ತಂದ ನಾಣ್ಯವನ್ನು ಬಟ್ಟೆಯ ಕೆಳಗೆ ಸರಿಸಿದಳು. ಅದು ಮೂವತ್ತನಾಲ್ಕನೆಯದು.

ಅವಳು ಬೆಳಿಗ್ಗೆ ಬಂದಿದ್ದರೆ ನಾನು ನಿಜ ಹೇಳುತ್ತಿದ್ದೆ. ಹಾಲು ಏಕೆ ಚೀಪುವುದಿಲ್ಲ ಎಂದು ವನಮಾಲಾ ಕೇಳುತ್ತಿದ್ದರು. ಅಂದೇ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತಿದ್ದರು. ಬೆಳಿಗ್ಗೆ ಬರಲು ಅವಳ ಬಳಿ ಕಾಸಿರಲಿಲ್ಲ.

ಮೂರು ವಾರದ ಮೇಲೆ ಚೆನ್ನಾಜಮ್ಮ ಮತ್ತೆ ಬಂದಳು. ಅಂದೂ ಗುರುವಾರ, ಮಧ್ಯಾಹ್ನ. ಕೈಯಲ್ಲಿ ಕಾರ್ಡು ಮಾತ್ರ ಇತ್ತು. ಅವಳ ಕುಪ್ಪಸದ ಎದೆ ಎರಡು ಕಡೆ ಒದ್ದೆಯಾಗಿತ್ತು.

"ಕಾರ್ಡು ವಾಪಸ್ ಕೊಡಾಕೆ ಬಂದೆ ಸಿಸ್ಟರಮ್ಮ. ಮನೇಲಿದ್ರೆ ನೋಡಾಕಾಗಾಕಿಲ್ಲ."

ವನಮಾಲಾ ಎದ್ದು ನಿಂತರು. ಭೇದಿ ಶುರುವಾಗಿ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದದ್ದು, ಅಲ್ಲಿ ನಾಲ್ಕು ದಿನ ಇದ್ದದ್ದು, ಎಲ್ಲವನ್ನೂ ಚೆನ್ನಾಜಮ್ಮ ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. "ಅಲ್ಲಿ ತೂಗುದ್ರು. ಮೂರು ಕಿಲೋ ನಾನೂರು ಅಂದ್ರು. ಇಷ್ಟು ದಿವ್ಸ ಏನ್ ಮಾಡ್ತಿದ್ದೆ, ಕೂಸು ಇಳೀತಾ ಇರೋದು ಕಾಣ್ನಿಲ್ವಾ ಅಂತ ಬಯ್ದ್ರು. ನಾನು ಈ ಕಾರ್ಡು ತೋರಿಸ್ದೆ. ಏರೈತೆ ನೋಡಿ ಸ್ವಾಮಿ, ಅಂದೆ. ಅವ್ರು ಕಾರ್ಡು ತಿರುಗ್ಸಿ ತಿರುಗ್ಸಿ ನೋಡುದ್ರು."

ಕೈಗೊಂದು ಕೆಲಸ ಬೇಕೆಂದೋ ಏನೋ, ವನಮಾಲಾ ನನ್ನ ಗುಂಡನ್ನು ಹಿಡಿದು ಸೊನ್ನೆಗೆ ತಳ್ಳಿದರು. ತಟ್ಟೆಯ ಮೇಲೆ ಕೂಸಿರಲಿಲ್ಲ. ಆದರೂ ಕೋಲು ಟಕ್ ಎಂದು ಮೇಲೆದ್ದಿತು.

ಚೆನ್ನಾಜಮ್ಮನಿಗೆ ಗೆರೆ ಓದಲು ಬರದು. ಕೋಲು ಏಳುವುದು ಯಾವಾಗ ಎಂಬುದು ಮಾತ್ರ ಗೊತ್ತು. ಅವಳು ತಟ್ಟೆಯನ್ನು ನೋಡಿದಳು, ಕೋಲನ್ನು ನೋಡಿದಳು.

"ಕೂಸು ಮನಗಿದ್ರೆ ಅಲ್ವ ಸಿಸ್ಟರಮ್ಮ ಅದು ಏಳೋದು? ಈಗ ಯಾರ್ ಕೂಸು ಮನಗದೆ ಅಲ್ಲಿ?"

ವನಮಾಲಾ ಬಟ್ಟೆಯ ತುದಿ ಹಿಡಿದು ಎತ್ತಿದರು. ನಾಣ್ಯಗಳು ಜಾರಿ ತಟ್ಟೆಯ ತಗ್ಗಿಗೆ ಬಂದು, ಒಂದರ ಮೇಲೊಂದು ಮಲಗಿದವು. ಬಾಗಿಲಲ್ಲಿದ್ದ ಚಿಕ್ಕಬಸವಯ್ಯ, "ನಾವೇನ್ ಬೇಕೂಂತ…" ಎಂದವನು ಅಲ್ಲಿಗೇ ನಿಲ್ಲಿಸಿದ. ಚೆನ್ನಾಜಮ್ಮ ಮುಂದೆ ಬಂದು ಒಂದು ಬೆರಳಿನಿಂದ ನಾಣ್ಯಗಳನ್ನು ಮುಟ್ಟಿದಳು. ತಣ್ಣಗಿರಬೇಕು, ಕೈ ಹಿಂದಕ್ಕೆ ಎಳೆದುಕೊಂಡಳು. ಬೇವಿನ ಮರದ ಕೆಳಗೆ ಹಾದು ಹೋಗುವವರೆಗೂ ಅವಳ ಬೆನ್ನನ್ನು ನೋಡಿದೆ.

ಅಂದು ವನಮಾಲಾ ಊಟ ಮಾಡಲಿಲ್ಲ. ಪುಸ್ತಕ ತೆಗೆದು ಮಧ್ಯಾಹ್ನ ತೂಗಿದ ಕೂಸುಗಳ ಹೆಸರೆಲ್ಲ ಬರೆದುಕೊಂಡರು. ಮರುದಿನ ಚಿಕ್ಕಬಸವಯ್ಯನ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಹಗ್ಗ ಹಾಕಿ ಕಟ್ಟಿದರು. ಅವನು ಸೈಕಲ್ ತಳ್ಳಿದ, ಅವರು ಹಿಂದೆ ನಡೆದರು. ಆರು ದಿನ ಊರೂರು ಸುತ್ತಿ, ಜಗಲಿಗಳ ಮೇಲೆ ಕೂಸುಗಳನ್ನು ಮತ್ತೆ ತೂಗಿದೆವು. ಎರಡು ಕೂಸುಗಳು ಕಾರ್ಡಿನಲ್ಲಿದ್ದುದಕ್ಕಿಂತ ಬಹಳ ಹಗುರವಾಗಿದ್ದವು. ಅವನ್ನು ಆಗಿಂದಾಗಲೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಅವೆರಡೂ ಬದುಕಿದವು. ಕ್ವಾರಿಯ ಗುಡಿಸಲುಗಳ ಕಡೆ ಹೋದಾಗ ಚೆನ್ನಾಜಮ್ಮನ ಬಾಗಿಲು ಮುಚ್ಚಿತ್ತು. ಚಿಕ್ಕಬಸವಯ್ಯ ಆ ದಾರಿಯಲ್ಲಿ ಸೈಕಲ್ಲಿನ ಗಂಟೆ ಬಾರಿಸಲಿಲ್ಲ.

ಆಮೇಲೆ ನನ್ನ ಬಟ್ಟೆಯ ಕೆಳಗೆ ಯಾರೂ ಕಾಸು ಇಡಲಿಲ್ಲ, ಇಡಿಸಿಕೊಳ್ಳಲಿಲ್ಲ. ತೂಕಕ್ಕೆ ದುಡ್ಡು ನಿಂತಿತು. ಸೂಜಿಯ ಹತ್ತು ರೂಪಾಯಿ ಮೇಜಿನ ಖಾನೆಗೆ ಹೋಯಿತು. ಕೆಲವು ವರ್ಷಕ್ಕೆ ಅದು ಇಪ್ಪತ್ತಾಯಿತು. ಒಳಗಿನ ಗಾಜಿನ ಗುಂಡು ಇದ್ದಲ್ಲೇ ಇತ್ತು. ವನಮಾಲಾ ಬೇರೆಡೆ ಕೆಲಸ ಸಿಕ್ಕಿ ಹೋದರು. ದುಡ್ಡು ನನ್ನ ತಟ್ಟೆಯಿಂದ ಇಳಿಯಿತು, ಆಸ್ಪತ್ರೆಯಿಂದ ಇಳಿಯಲಿಲ್ಲ.

ಚೆನ್ನಾಜಮ್ಮ ಮೂರು ವರ್ಷದ ಮೇಲೆ ಇನ್ನೊಂದು ಕೂಸನ್ನು ಎತ್ತಿಕೊಂಡು ಬಂದಳು. ಹೊಸ ಸಿಸ್ಟರ್ ಕೈ ಚಾಚಿದರು. ಅವಳು ಕೊಡಲಿಲ್ಲ. ಮೊದಲು ನನ್ನ ಬಟ್ಟೆಯನ್ನು ಎತ್ತಿ, ಕೊಡವಿ, ತಟ್ಟೆಯನ್ನು ಅಂಗೈಯಿಂದ ಒರೆಸಿ, ಮತ್ತೆ ಹಾಸಿದಳು. "ಸೊನ್ನೆ ತೋರ್ಸಿ" ಎಂದಳು. ಸಿಸ್ಟರ್ ಗೊಣಗುತ್ತ ಗುಂಡು ಸರಿಸಿದರು. ಕೋಲು ಸಮನಾಗಿ ನಿಂತಿತು. ಆಮೇಲೆ ಕೂಸನ್ನು ಮಲಗಿಸಿದಳು. ಸಾಲಿನಲ್ಲಿದ್ದ ಹೆಂಗಸರು ನೋಡುತ್ತಿದ್ದರು. ಮುಂದಿನ ಗುರುವಾರ ಇನ್ನೊಬ್ಬಳು ಬಟ್ಟೆ ಕೊಡವಿದಳು. ವರ್ಷದೊಳಗೆ ಅದೇ ಪದ್ಧತಿಯಾಯಿತು. ಯಾಕೆಂದು ಕೇಳಿದರೆ, ಬಟ್ಟೆ ಕೊಡವದೆ ಕೂಸು ಮಲಗಿಸಬಾರದು ಎನ್ನುತ್ತಿದ್ದರು. ಪುಟ್ಟಿಯ ಸುದ್ದಿ ಅವರಲ್ಲಿ ಬಹಳ ಮಂದಿಗೆ ಗೊತ್ತೇ ಇರಲಿಲ್ಲ.

ಈಗ ಆಸ್ಪತ್ರೆಗೆ ಅಂಕಿ ಬೆಳಗುವ ಹೊಸ ತಕ್ಕಡಿ ಬಂದಿದೆ. ನನ್ನನ್ನು ಒಡೆದ ಕುರ್ಚಿ, ತುಕ್ಕು ಹಿಡಿದ ಮಂಚಗಳ ಜೊತೆ ಹರಾಜು ಹಾಕಿದರು. ಚಾಮರಾಜನಗರದ ಹೊರಗೆ, ರಸ್ತೆ ಬದಿಯ ಒಂದು ಗುಜರಿ ಅಂಗಡಿಯ ಮೂಲೆಯಲ್ಲಿ ಕುಳಿತಿದ್ದೇನೆ. ನನ್ನ ಬಿಳಿ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಬಟ್ಟೆ ಎಂದೋ ಹೋಯಿತು. ಮಳೆ ಬಂದರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಕೋಲು ಏಳುತ್ತದೆ. ಬಿಸಿಲಿಗೆ ನೀರು ಆರಿದರೆ ಮೆಲ್ಲಗೆ ಇಳಿದು ಸೊನ್ನೆಗೆ ಬರುತ್ತದೆ. ಇಷ್ಟು ವಯಸ್ಸಾದರೂ ಖತೀಜಾಬಿ ಕೂರಿಸಿದ ಸೊನ್ನೆ ಹಾಳಾಗಿಲ್ಲ. ನನಗೆ ಹೆಮ್ಮೆಯಾಗಬೇಕು. ಆಗುವುದಿಲ್ಲ. ಸಾವಿರ ಕೂಸುಗಳಿಗೆ ನಿಜ ಹೇಳಿದೆ, ಕೆಲವಕ್ಕೆ ಹೇಳಲಿಲ್ಲ, ಅವುಗಳಲ್ಲಿ ಒಂದು ಉಳಿಯಲಿಲ್ಲ. ಮನಸ್ಸು ಆ ಒಂದರ ಕಡೆಗೇ ವಾಲಿ ನಿಂತಿದೆ.

ಮೊನ್ನೆ ಗುಜರಿಯವನ ಹೆಂಡತಿ ಜೈಬುನ್ನೀಸಾ ಕಬ್ಬಿಣ ವಿಂಗಡಿಸುತ್ತಿದ್ದಳು. ಸೊಂಟದ ಮೇಲೆ ಮೊಮ್ಮಗಳು. ಕೈ ಸೋತಿತೆಂದು ಕೂಸನ್ನು ಒಂದು ಗಳಿಗೆ ನನ್ನ ತಟ್ಟೆಯಲ್ಲಿ ಕೂರಿಸಿದಳು. ಎಷ್ಟು ವರ್ಷವಾಗಿತ್ತು! ಕೋಲು ಟಕ್ ಎಂದು ಎದ್ದಿತು. ಕೂಸು ಕೈ ತಟ್ಟಿ ನಕ್ಕಿತು. ಅಂಗಡಿಯೊಳಗಿನಿಂದ ಗಂಡ ಕೂಗಿದ, "ಕೂಸು ತೂಗೋ ತಕ್ಕಡಿ ಅದು. ಗುಂಡು ಸರಿಸಿ ನೋಡು, ಎಷ್ಟಿದಾಳೆ?"

ಜೈಬುನ್ನೀಸಾ ಗುಂಡನ್ನು ಮುಟ್ಟಲಿಲ್ಲ. ಕೂಸನ್ನು ಎತ್ತಿಕೊಂಡು, ತೋಳಿನಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡಿದಳು.

"ಹೋದ ವಾರಕ್ಕಿಂತ ಭಾರ ಆಗಿದಾಳೆ" ಎಂದು ಒಳಗೆ ನಡೆದಳು.

ಅವಳು ಹೇಳಿದ್ದು ಸರಿಯಾಗಿಯೇ ಇರಬೇಕು. ನಾನು ಮೆಲ್ಲಗೆ ಸೊನ್ನೆಗೆ ಇಳಿದೆ.